ಪುನರ್ಪುಳಿ ಬಣ್ಣದ ಎರೆ

ಮೂಸಕುಂಞಿಯವರು ಬಂಡೆಯ ಮೇಲೆ ಕವುಚಿ ಮಲಗಿದ್ದಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೀರು ಯಾವುದು, ಕಲ್ಲು ಯಾವುದು ಎಂದು ನನ್ನ ಕನ್ನಡಕಕ್ಕೆ ತಿಳಿಯುತ್ತಿಲ್ಲ. ಅವರ ಬಲಗೈಯಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಕೆಂಪು ಉಂಡೆಯೊಂದಿದೆ. ಕೈಯನ್ನು ನೀರಿನ ಮೇಲಕ್ಕೆ ಚಾಚಿ, ಬೆರಳು ಸಡಿಲಿಸುತ್ತಾರೆ. ಬುಳುಂಕ್. ಇಬ್ಬರೂ ಉಸಿರು ಬಿಗಿಹಿಡಿದು ಕಾಯುತ್ತೇವೆ. ಏನೂ ಆಗುವುದಿಲ್ಲ.

"ಕೆಮ್ಮಬೇಡಿ ಭಟ್ರೇ," ಎನ್ನುತ್ತಾರೆ ತಲೆ ಎತ್ತದೆ. "ನಿಮ್ಮ ಕೆಮ್ಮು ಗುಂಡಿಯ ಅಡಿವರೆಗೆ ಹೋಗ್ತದೆ."

ನಾನು ಕೆಮ್ಮಿಯೇ ಇಲ್ಲ ಮಾರಾಯರೆ! ಕೆಮ್ಮು ಬಂದೀತೇ ಎಂದು ಹೆದರಿದ್ದೆ, ಅಷ್ಟೆ. ಅದು ಇವರಿಗೆ ಹೇಗೆ ಗೊತ್ತಾಯಿತೋ. ಪುತ್ತೂರಿನಿಂದ ಬಸ್ಸಿನಲ್ಲಿ ಮೈಯೆಲ್ಲ ಧೂಳು ಮಾಡಿಕೊಂಡು, ಮೊನ್ನೆ ರಾತ್ರಿ ಕಡಬದ ಹೋಟೆಲಿನ ಬೆಂಚಿನ ಮೇಲೆ ಮಲಗಿ, ತಿಗಣೆಗೆ ರಕ್ತ ಕೊಟ್ಟು ನಿನ್ನೆ ಸಂಜೆ ಇಲ್ಲಿಗೆ ಬಂದವನು ನಾನು. ಮೀನು ತಿನ್ನುವ ಜಾತಿಯವನೂ ಅಲ್ಲ. ಪುರವಣಿಗೆ ಒಂದು ಬರಹ ಬೇಕಿತ್ತು, ಗಾಳ ಹಾಕಿಯೇ ಬದುಕುವ ಒಬ್ಬರಿದ್ದಾರೆ ಎಂದು ಕೇಳಿದ್ದೆ. ಆದರೆ ಇಲ್ಲಿಗೆ ಬಂದಮೇಲೆ ತಿಳಿಯಿತು, ಇಂದು ಇವರಿಗೆ ಸಾಧಾರಣ ಶನಿವಾರ ಅಲ್ಲ.

ಈ ಹೊಳೆಗೆ ಹೊಸ ಸೇತುವೆ ಬರುತ್ತಿದೆ. ಹೋದ ವರ್ಷ ಚೀನಾದ ಗಲಾಟೆಯಲ್ಲಿ ಸಿಮೆಂಟು ಸಿಗದೆ ನಿಂತುಹೋದ ಕೆಲಸ ಈಗ ಮುಗಿಯುತ್ತ ಬಂದಿದೆ. ಇಂದು ಕೊನೆಯ ಕಾಂಕ್ರೀಟು. ಆ ದಿನ ಕೆಲಸದವರಿಗೆಲ್ಲ ಮೀನೂಟ ಹಾಕಬೇಕು, ಅದು ಸೇತುವೆ ಕಟ್ಟುವವರಲ್ಲಿ ನಡೆದುಬಂದ ಪದ್ಧತಿ. ಈ ಸೆಕೆಗೆ ಮಂಗಳೂರಿನ ಮೀನು ಕಡಬಕ್ಕೆ ಮುಟ್ಟುವಾಗ ಮೂಗು ಹಿಡಿಯಬೇಕು. ಬಂಡೆ ಒಡೆಯಲು ತಂದ ತೋಟೆ ಮಾತ್ರ ಶೆಡ್ಡಿನಲ್ಲಿಯೇ ಉಂಟು. ಬತ್ತಿ ಹಚ್ಚಿ ಒಂದು ತೋಟೆಯನ್ನು ಈ ಗುಂಡಿಗೆ ಎಸೆದರೆ ಸಾಕು. ಢಮ್ ಎಂದ ಮೇಲೆ ಚಿಕ್ಕದು, ದೊಡ್ಡದು, ಮೊನ್ನೆ ಹುಟ್ಟಿದ ಮರಿ, ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ.

ಮೂಸಕುಂಞಿ ಹೋಗಿ ಸೈಟಿನ ಸೂಪರ್‌ವೈಸರ್ ಕೃಷ್ಣಮೋಹನರ ಎದುರು ನಿಂತರಂತೆ. ಕೃಷ್ಣಮೋಹನ ಕೆಟ್ಟವರಲ್ಲ, ಆದರೆ ಅವಸರದ ಮನುಷ್ಯ. "ಗಾಳದಲ್ಲಿ ಒಂದು ಹೆಡಿಗೆ ತುಂಬ ಮೀನು ಕೊಡು ಬ್ಯಾರಿ. ಶನಿವಾರ ಹತ್ತರ ಬಸ್ಸು ಬರುವ ಮೊದಲು. ಕೊಟ್ಟರೆ ನಿನ್ನ ಗುಂಡಿಯ ತಂಟೆಗೆ ನಾವು ಬರುವುದಿಲ್ಲ," ಎಂದರಂತೆ. ಕೊಡದಿದ್ದರೆ ಏನು ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಈ ಗುಂಡಿಗೆ ಒಂದು ಹೆಸರುಂಟು. ಅದನ್ನು ಈಗ ಹೇಳುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ. ಏಪ್ರಿಲಿನಲ್ಲಿ ಹೊಳೆ ಸೊರಗಿ, ಅಲ್ಲಲ್ಲಿ ಮೊಣಕಾಲುದ್ದ ನೀರು ಉಳಿದಿರುವಾಗ ಈ ಗುಂಡಿಯಲ್ಲಿ ಮಾತ್ರ ಆನೆ ಮುಳುಗುವಷ್ಟು ನೀರು. ಮೇಲಿನ, ಕೆಳಗಿನ ಮೀನುಗಳೆಲ್ಲ ಮಳೆಗಾಲದವರೆಗೆ ಇಲ್ಲಿಯೇ ಬಂದು ಜೀವ ಹಿಡಿದುಕೊಳ್ಳುತ್ತವೆ. ದೋಣಿ ದಾಟಿಸುವ ಹಳೆ ಕಡವಿನ ಹತ್ತಿರ ಇಂಥದೇ ಇನ್ನೊಂದು ಗುಂಡಿ ಇತ್ತು. ಎರಡು ವರ್ಷದ ಹಿಂದೆ ಯಾರೋ ಮದುವೆಗೆಂದು ಅಲ್ಲಿ ತೋಟೆ ಹಾಕಿದರು. "ಅಲ್ಲಿ ಈಗ ಕಪ್ಪೆಯೂ ಇಲ್ಲ," ಎನ್ನುತ್ತಾರೆ ಮೂಸಕುಂಞಿ. "ನಾನು ಎರಡು ಮಳೆಗಾಲ ಗಾಳ ಹಾಕಿ ನೋಡಿದೆ. ಬೆಂಡು ಅಲ್ಲಾಡುದೇ ಇಲ್ಲ. ಬೆಂಡು ಅಲ್ಲಾಡದ ನೀರು ನೋಡಿದರೆ ನನಗೆ ಹೆದರಿಕೆ ಆಗ್ತದೆ ಭಟ್ರೇ."

ಪೊಲೀಸರಿಗೆ ಹೇಳಬಹುದಿತ್ತಲ್ಲ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅವರು ಬಸ್ಸು ಹಿಡಿದು ಬರುವಾಗ ಇಲ್ಲಿ ಸಾರು ಆಗಿ, ಊಟ ಆಗಿ, ಕೈ ತೊಳೆದಾಗಿರ್ತದೆ."

ಮೂಸಕುಂಞಿಯವರ ತಂದೆಯೂ ಗಾಳದವರೇ. ಬಲೆ ಬೀಸುವವರು ಬೇರೆ, ಕಡವು ದಾಟಿಸುವವರು ಬೇರೆ; ಇವರ ಮನೆಯಲ್ಲಿ ಬಿದಿರಿನ ಕೋಲು ಮತ್ತು ಗೇರೆಣ್ಣೆ ತಿಕ್ಕಿದ ಹುರಿ, ಅಷ್ಟೇ ಆಸ್ತಿ. ಬೆಳಿಗ್ಗೆ ಹಿಡಿದದ್ದನ್ನು ಬಿಸಿಲು ಏರುವ ಮೊದಲು ಕಡಬದ ಪೇಟೆಗೆ ಒಯ್ಯುತ್ತಾರೆ. ಮುಗುಡು, ಮಡೆಂಜಿಯಂಥ ಮೀನುಗಳಿಗೆ ನಕ್ಕುರು, ಎಂದರೆ ಎರೆಹುಳ ಸಾಕು, ಕೆಸರು ಕೆದಕಿದರೆ ಸಿಗುತ್ತದೆ. ಆದರೆ ಈ ಗುಂಡಿಯ ದೊರೆ ಪೆರುವೋಳು. ದಪ್ಪ ತುಟಿಯ, ಕಂಚಿನ ಬಣ್ಣದ ಚಿಪ್ಪಿನ ಈ ಮೀನು ಹುಳ ನೋಡಿದರೆ ಮುಖ ತಿರುಗಿಸುತ್ತದೆ. ಅದಕ್ಕೆ ಬೇಕಾದದ್ದು ಹಣ್ಣು. ದಡದಲ್ಲಿ ಒಂದು ಅತ್ತಿಮರ ನೀರಿನ ಮೇಲೆ ಬಾಗಿ ನಿಂತಿತ್ತು. ಹಣ್ಣು ಬುಳುಂಕ್ ಎಂದು ಬಿದ್ದರೆ ಅಡಿಯಿಂದ ಪೆರುವೋಳು ಎದ್ದು ಬರುತ್ತಿತ್ತು. ಗಾಳಕ್ಕೂ ಅದೇ ಹಣ್ಣು ಸಿಕ್ಕಿಸಿದರೆ ಆಯಿತು. ತಂದೆಯ ಕಾಲದಿಂದಲೂ ಇವರಿಗೆ ಬೇರೆ ಎರೆ ಹುಡುಕುವ ಗರಜೇ ಬಿದ್ದಿರಲಿಲ್ಲ.

ಆ ಮರ ಈಗ ಇಲ್ಲ. ಸೇತುವೆಗೆ ಆಸರೆ ಕಂಬ ಕೊಡಲು, ಹಲಗೆ ಮಾಡಲು ಈ ವರ್ಷದ ಆರಂಭದಲ್ಲಿ ಕಡಿದರು. ಅಲ್ಲಿಂದ ಶುರುವಾಯಿತು ಮೂಸಕುಂಞಿಯವರ ಮಂಡೆಬಿಸಿ.

"ಇವರು ನನ್ನ ಅಡುಗೆಮನೆಯನ್ನು ಆಸ್ಪತ್ರೆ ಮಾಡಿದ್ರು," ಎನ್ನುತ್ತಾರೆ ಮಡದಿ ಕುಂಞಿಪಾತುಮ್ಮ. ನಿನ್ನೆ ಸಂಜೆ ಬಾಗಿಲ ಸಂದಿನಲ್ಲಿ ನಿಂತು, ತಲೆಯ ಬಟ್ಟೆ ಸರಿಮಾಡಿಕೊಳ್ಳುತ್ತ, ನನಗೆ ಕೇಳಿಸುವಂತೆ ಗಂಡನ ಮೇಲೆ ದೂರು ಹೇಳಿದವರು ಅವರೇ. ಮೊದಲು ಬೆಳ್ಳಾರೆ ಸಂತೆಯಿಂದ ನೆಲಗಡಲೆ ಹಿಂಡಿ ಬಂತು. ನೀರಿಗೆ ಬಿದ್ದಕೂಡಲೇ ಅದು ಕರಗಿ ಹೋಯಿತು, ಗಾಳ ಬೋಳಾಗಿ ಉಳಿಯಿತು. ರಾಗಿ ಉಂಡೆ ಕಟ್ಟಿದರು, ಅದನ್ನು ಸಣ್ಣ ಮೀನುಗಳು ಕಚ್ಚಿ ಕಚ್ಚಿ ಮುಗಿಸಿದವು. ಹಲಸಿನ ತೊಳೆ ಗಾಳದಿಂದ ಜಾರಿತು. ಪುತ್ತೂರಿನ ಹಲ್ವ ತಂದಾಗ ಮಾತ್ರ ಕುಂಞಿಪಾತುಮ್ಮ ತಡೆಯಲಿಲ್ಲ. "ನನಗೆ ಮದುವೆಯಾಗಿ ಇಷ್ಟು ವರ್ಷದಲ್ಲಿ ಒಮ್ಮೆ ಹಲ್ವ ತಂದವರಲ್ಲ. ಮೀನಿಗೆ ತಂದ್ರು! ಮೀನಿಗೆ! ನಾನು ಅರ್ಧ ತಿಂದೆ. ಎಂತ ಮಾಡ್ತಾರೆ ನೋಡುವ ಅಂತ."

"ಉಳಿದ ಅರ್ಧ ಮೀನೂ ತಿನ್ನಲಿಲ್ಲ," ಎಂದರು ಮೂಸಕುಂಞಿ ಬೇಸರದಿಂದ.

ಇಷ್ಟರವರೆಗೆ ನಗಬಹುದು. ಆದರೆ ಈ ವಾರ ಆದದ್ದು ನಗುವಂಥದಲ್ಲ. ಹೊಳೆಯ ಆಚೆ ದೇವಸ್ಯ ಎಂಬವರ ಜಾಗ. ಅವರು ಕೇರಳದಿಂದ ಬಂದು ಕಾಡು ಕಡಿದು ರಬ್ಬರ್ ನೆಟ್ಟವರು. ಬೇಲಿಯ ಉದ್ದಕ್ಕೂ ಮರಗೆಣಸು. ಅದರ ಹಿಟ್ಟು ಅಂಟಾಗುತ್ತದೆ, ಗಾಳದಲ್ಲಿ ನಿಂತೀತು ಎಂದು ಮೂಸಕುಂಞಿಯವರಿಗೆ ಹೊಳೆಯಿತು. ದೇವಸ್ಯ ಮನೆಯಲ್ಲಿ ಇರಲಿಲ್ಲ. ಬೇಲಿಬದಿಯ ನಾಲ್ಕು ಗೆಣಸು ಕಿತ್ತರೆ ಯಾರೂ ಬೇಡ ಎನ್ನಲಾರರು ಎಂದು ಕಿತ್ತು ತಂದರು. ಹಸಿಯಾಗಿಯೇ ತುರಿದು, ತೆಂಗಿನಕಾಯಿ ಬೆರೆಸಿ, ಮೀನುಗಳಿಗೆ ರುಚಿ ಹತ್ತಲಿ ಎಂದು ಗುರುವಾರ ಸಂಜೆ ಒಂದು ಬುಟ್ಟಿ ತುಂಬ ಗುಂಡಿಯ ಮೂಲೆಗೆ ಹಾಕಿದರು.

ಶುಕ್ರವಾರ ಬೆಳಿಗ್ಗೆ ಅದೇ ಮೂಲೆಯಲ್ಲಿ ಸಣ್ಣ ಸಣ್ಣ ಮೀನುಗಳು ಬೆಳ್ಳಗೆ ಹೊಟ್ಟೆ ತೋರಿಸಿ ತೇಲುತ್ತಿದ್ದವು.

"ನಾನು ನೀರಿಗೆ ಇಳಿದು ಎರಡು ಕೈಯಲ್ಲಿ ಬಾಚಿದೆ," ಎನ್ನುತ್ತಾರೆ. "ತೋಟೆ ಹಾಕಬೇಡಿ ಅಂತ ಊರಿಡೀ ಹೇಳಿದವ ನಾನು. ವಿಷ ಹಾಕಿದವನೂ ನಾನೇ. ಎಂತ ಸಾವು ಭಟ್ರೇ ಇದು."

ಸುದ್ದಿ ಸೇತುವೆಗೂ ಮುಟ್ಟಿತು. ಬ್ಯಾರಿಯ ಗೆಣಸು ನಮ್ಮ ತೋಟೆಗಿಂತ ಜೋರು ಎಂದು ಅಲ್ಲಿಯವರು ನಕ್ಕರು. ಆಚೆ ಬದಿಯಿಂದ ದೇವಸ್ಯರ ಹೆಂಡತಿ ತ್ರೇಸ್ಯಾಕುಟ್ಟಿ ಕತ್ತಿ ಹಿಡಿದುಕೊಂಡೇ ಹೊಳೆ ದಾಟಿ ಬಂದರು. ಗೆಣಸು ಕದ್ದದ್ದಕ್ಕೆ ಬೈಯಲು ಬಂದರು ಎಂದು ಎಲ್ಲರೂ ತಿಳಿದರು.

"ಎಂಡೆ ಕರ್ತಾವೇ! ಕಾಕಾ, ಅದು ಕಹಿ ಕಪ್ಪ! ಹಂದಿ ಬರಬಾರದು ಅಂತ ಬೇಲಿಗೆ ನೆಟ್ಟದ್ದು! ಹಂದಿಯೇ ಮುಟ್ಟುದಿಲ್ಲ, ನೀವು ಮೀನಿಗೆ ಹಾಕಿದ್ರಾ? ನಿಮ್ಮ ಮಂಡೆ ಸರಿ ಉಂಟಾ?" ಮರಗೆಣಸಿಗೆ ಅವರ ಮಾತಿನಲ್ಲಿ ಕಪ್ಪ. ಆಮೇಲೆ ಸ್ವರ ಇಳಿಸಿ ಕೇಳಿದರಂತೆ, "ನೀವು ತಿಂದಿಲ್ಲ ತಾನೆ? ಪಾತುಮ್ಮ ತಿಂದಿಲ್ಲ ತಾನೆ?"

ಅವರು ಬಂದದ್ದು ಅದನ್ನು ಕೇಳಲಿಕ್ಕೆ.

ಮೂಸಕುಂಞಿ ಕಂಬಕ್ಕೆ ಒರಗಿ ಕೂತುಬಿಟ್ಟಿದ್ದರು. ಕೆಲಸ ಮಾಡಿದವರು ಹೆಂಗಸರಿಬ್ಬರು. ತ್ರೇಸ್ಯಾಕುಟ್ಟಿ ತಮ್ಮ ಅಂಗಳದ ಬದಿಯ ಕಹಿಯಿಲ್ಲದ ಮರಗೆಣಸನ್ನು ಕಿತ್ತು ತಂದು ಬೇಯಿಸಿದರು, ನೀರು ಚೆಲ್ಲಿದರು, ಪುನಃ ಬೇಯಿಸಿದರು. ಒರಳಿಗೆ ಹಾಕಿ ಕುಟ್ಟಿದಾಗ ಅದು ರಬ್ಬರಿನ ಹಾಗೆ ಜಗ್ಗತೊಡಗಿತು. ನೀರಲ್ಲಿ ಬಿಟ್ಟು ನೋಡಿದರು, ಕರಗಲಿಲ್ಲ. ಆದರೆ ಬಣ್ಣ ಬೆಳ್ಳಗೆ. ಕುಂಞಿಪಾತುಮ್ಮ ಶರಬತ್ತಿಗೆಂದು ಇಟ್ಟಿದ್ದ ಪುನರ್ಪುಳಿಯ ಕೆಂಪು ರಸವನ್ನು ಒಳಗಿನಿಂದ ತಂದು ಅದರ ಮೇಲೆ ಸುರಿದರು. ಕಳಿತ ಕದಳಿಯೂ ಸೇರಿತು. ಉಂಡೆ ಕಟ್ಟಿ ಸಾಲಾಗಿ ಇಟ್ಟಾಗ, ಬುಟ್ಟಿಯಲ್ಲಿ ಅತ್ತಿಹಣ್ಣೇ ಇದ್ದಂತೆ ಕಂಡಿತಂತೆ.

"ಹೌದಾ ಅಲ್ವಾ ಅಂತ ಮೀನು ಹೇಳಬೇಕು," ಎಂದರಂತೆ ಕುಂಞಿಪಾತುಮ್ಮ.

ಈಗ ಮೀನು ಏನೂ ಹೇಳುತ್ತಿಲ್ಲ. ಸೂರ್ಯ ಮೇಲೆ ಬಂದಿದ್ದಾನೆ. ಮೂಸಕುಂಞಿ ಅತ್ತಿಮರದ ಬೊಡ್ಡೆಯ ಪಕ್ಕದ ಬಂಡೆಯಿಂದ ಒಂದೊಂದೇ ಉಂಡೆಯನ್ನು ಬಿಡುತ್ತಿದ್ದಾರೆ. ಹಣ್ಣು ಬೀಳುತ್ತಿದ್ದ ಜಾಗವೇ ಆಗಬೇಕು, ಸದ್ದು ಅದೇ ಆಗಬೇಕು. ಗಾಳ ಇನ್ನೂ ಹಾಕಿಲ್ಲ. ಮೊದಲು ನಂಬಿಕೆ ಬರಬೇಕಂತೆ. ನಿನ್ನೆ ಮೋಸವಾದ ಗುಂಡಿಯಲ್ಲಿ ಇಂದು ನಂಬಿಕೆ ಬರುವುದು ಹೇಗೆ?

ಎದುರು ದಡಕ್ಕೆ ಚನಿಯಪ್ಪ ಬಂದು ಕೂರುತ್ತಾನೆ. ಸೇತುವೆಯ ಕೆಲಸದಲ್ಲಿ ತೋಟೆ ಇಡುವವನು ಇವನೇ. ಇದೇ ಊರಿನವನು, ಮೂಸಕುಂಞಿಯವರ ಗೆಳೆಯ ಕೂಡ. ಮಡಿಲಲ್ಲಿ ಮರದ ಪೆಟ್ಟಿಗೆ. ಬೀಡಿ ಹಚ್ಚಲು ಹೋದವನು ಪೆಟ್ಟಿಗೆಯ ಕಡೆ ನೋಡಿ, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾನೆ.

"ಬೈಬೇಡಿ ಮೂಸಬ್ಯಾರಿ. ಕೂತುಕೋ ಅಂದ್ರು, ಕೂತೆ."

"ಕೂತುಕೋ ಚನಿಯಪ್ಪಣ್ಣ. ಮಾತಾಡಬೇಡ."

ಬುಳುಂಕ್. ಮತ್ತೆ ಬುಳುಂಕ್. ಆಗ ನೀರಿನ ಕೆಳಗೆ ಏನೋ ಒಂದು ಹೊರಳಿದಂತಾಗುತ್ತದೆ. ನಾನು ಕಂಡೆ ಎಂದು ಆಣೆ ಮಾಡಲಾರೆ, ಆದರೆ ಉಂಡೆ ಇದ್ದ ಜಾಗದಲ್ಲಿ ಉಂಡೆ ಇಲ್ಲ! ಮೂಸಕುಂಞಿ ಕಣ್ಣು ಮುಚ್ಚಿ ತೆರೆಯುತ್ತಾರೆ. ಗಾಳಕ್ಕೆ ಒಂದು ಉಂಡೆ ಸಿಕ್ಕಿಸಿ ನೀರಿಗೆ ಇಳಿಬಿಡುತ್ತಾರೆ.

ಆಮೇಲೆ ನಡೆದದ್ದನ್ನು ನಿಧಾನವಾಗಿ ಹೇಳಲು ನನಗೆ ಬರುವುದಿಲ್ಲ. ಬೆಂಡು ಮುಳುಗುತ್ತದೆ, ಕೋಲು ಬಾಗುತ್ತದೆ, ಮೂಸಕುಂಞಿ ಬಂಡೆಯಿಂದ ಬಂಡೆಗೆ ಹಾರುತ್ತಾರೆ. ಒಂದು ಪೆರುವೋಳು ಹೆಡಿಗೆಗೆ ಬೀಳುತ್ತದೆ. ಇನ್ನೊಂದು. ಮತ್ತೊಂದು ಗಾಳ ಬಿಡಿಸಿಕೊಂಡು ಹೋದಾಗ ನಾನು, ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಯವನು, "ಛೇ!" ಎಂದು ತೊಡೆಗೆ ಹೊಡೆದುಕೊಳ್ಳುತ್ತೇನೆ. ಚನಿಯಪ್ಪನೂ ಆಚೆಯಿಂದ "ಅಯ್ಯಯ್ಯೋ" ಎನ್ನುತ್ತಾನೆ. ತೋಟೆಯ ಪೆಟ್ಟಿಗೆ ಇಟ್ಟುಕೊಂಡವನು ಯಾವ ಪಕ್ಷ ಎಂದು ಅವನಿಗೇ ಮರೆತುಹೋಗಿದೆ.

ಹೆಡಿಗೆ ಅರ್ಧ ದಾಟಿದಾಗ ಗುಂಡಿ ಪುನಃ ಮೌನವಾಗುತ್ತದೆ. ಬಿಸಿಲು ನೇರ ನೀರಿನ ಮೇಲೆ ಬೀಳುತ್ತಿದೆ. ಉಂಡೆ ಬಿಟ್ಟರೆ ಮುಳುಗಿ, ಅಡಿಯಲ್ಲಿ ಹಾಗೆಯೇ ಕೆಂಪಾಗಿ ಕಾಣುತ್ತದೆ. ಅಷ್ಟರಲ್ಲಿ ದೂರದ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳುತ್ತದೆ. ತಿರುವು ಕಳೆದರೆ ಒಂದು ಏರು, ಏರು ಕಳೆದರೆ ಸೇತುವೆ. ಚನಿಯಪ್ಪ ಎದ್ದು ನಿಂತು ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಾನೆ. ನಮ್ಮ ಕಡೆ ನೋಡುವುದಿಲ್ಲ.

"ಇನ್ನು ಎಷ್ಟು ಉಂಡೆ ಉಂಟು?" ಎಂದು ನಾನು ಕೇಳುತ್ತೇನೆ.

"ಉಂಡೆ ಉಂಟು. ಹೊತ್ತು ಇಲ್ಲ," ಎನ್ನುತ್ತಾ ಗಾಳವನ್ನು ಕೊನೆಯ ಬಾರಿ ಎಸೆಯುತ್ತಾರೆ.

ಬೆಂಡು ಮುಳುಗುವುದಿಲ್ಲ. ಅದು ಅಡ್ಡಕ್ಕೆ ಸರಿಯುತ್ತದೆ, ಯಾರೋ ಕೈ ಹಿಡಿದು ಕರೆದುಕೊಂಡು ಹೋದ ಹಾಗೆ. ಮೂಸಕುಂಞಿ ಕೋಲು ಎತ್ತಿದಾಗ ಹುರಿ ಬಿಗಿದು ಕಿರ್ ಎನ್ನುತ್ತದೆ. ಅವರು ಸೊಂಟದವರೆಗೆ ನೀರಿಗೆ ಇಳಿಯುತ್ತಾರೆ, ಎದೆಯವರೆಗೆ ಇಳಿಯುತ್ತಾರೆ, ಹುರಿ ಕೊಯ್ದು ಬೆರಳಿನಿಂದ ರಕ್ತ ಬರುತ್ತದೆ. ಬಸ್ಸು ಏರು ಹತ್ತುವ ಸದ್ದು ನನ್ನ ಕಿವಿಯಲ್ಲಿಯೇ ಕೇಳಿದಂತಾಗುತ್ತದೆ. ಕೊನೆಗೆ ಅವರು ತಬ್ಬಿಕೊಂಡು ಮೇಲೆ ತಂದದ್ದು, ನಾನು ಹುಟ್ಟಿದ ಮೇಲೆ ನೋಡಿದ ಅತಿ ದೊಡ್ಡ ಮೀನು. ಇಪ್ಪತ್ತು ರಾತಲಿಗೆ ಮೋಸವಿಲ್ಲ. ಅದೊಂದನ್ನೇ ಹಾಕಿದರೆ ಹೆಡಿಗೆ ತುಂಬೀತು!

ನಾನು ಕೇಕೆ ಹಾಕುತ್ತೇನೆ. ಮೂಸಕುಂಞಿ ಹಾಕುವುದಿಲ್ಲ. ಮೀನಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಂತಿದ್ದಾರೆ.

"ಮೊಟ್ಟೆ ಉಂಟು," ಎನ್ನುತ್ತಾರೆ. "ಹೊಟ್ಟೆ ತುಂಬ ಉಂಟು."

ಬಿಸು ಹಬ್ಬ ಕಳೆದ ಮೇಲೆ ಮೊಟ್ಟೆ ಇರುವ ಮೀನನ್ನು ಮುಟ್ಟಬಾರದು ಎಂಬುದು ಅವರ ಮನೆಯ ಕಟ್ಟಳೆ. ಗಾಳಕ್ಕೆ ಬಂದರೂ ಬಿಡಿಸಿ, ನೀರಿಗೆ ಬಿಡಬೇಕು. ತಂದೆ ಹೇಳಿಕೊಟ್ಟದ್ದು, ಇವರು ಈವರೆಗೆ ಮುರಿದಿಲ್ಲ. ಬಿಸು ಕಳೆದು ವಾರವಾಗಿದೆ. ಮೀನಿನ ಕಿವಿರು ತೆರೆದು ಮುಚ್ಚುತ್ತಿದೆ. ಎದುರು ದಡದಲ್ಲಿ ಚನಿಯಪ್ಪ ಬತ್ತಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಬಸ್ಸು ಏರು ಮುಗಿಸಿ ಗೇರು ಬದಲಿಸುತ್ತದೆ.

"ಬಿಟ್ಟರೆ ತೋಟೆಗೆ ಇದೂ ಸಾಯ್ತದೆ, ಗುಂಡಿಯಲ್ಲಿ ಇದ್ದವೂ ಸಾಯ್ತವೆ. ಅಲ್ವಾ ಭಟ್ರೇ?" ಎಂದು ಕೇಳುತ್ತಾರೆ.

ನನಗೇನು ಗೊತ್ತು? ನನ್ನಲ್ಲಿ ಕೇಳಬೇಡಿ ಎನ್ನಬೇಕೆನಿಸಿತು. ಹೌದು ಎಂದೆ.

ಅವರು ಮೀನನ್ನು ಹೆಡಿಗೆಗೆ ಹಾಕುತ್ತಾರೆ. ಎಸೆಯುವುದಿಲ್ಲ, ಮಲಗಿಸುತ್ತಾರೆ. ಆಮೇಲೆ ಒದ್ದೆ ಮೈಯಲ್ಲಿಯೇ ಹೆಡಿಗೆ ಹೊತ್ತು ಓಡುತ್ತಾರೆ. ನಾನೂ ಹಿಂದಿನಿಂದ ಓಡುತ್ತೇನೆ.

ಬಸ್ಸು ನಿಲ್ಲುವಾಗ ಹೆಡಿಗೆ ಕೃಷ್ಣಮೋಹನರ ಎದುರು ನೆಲದ ಮೇಲಿದೆ. ಅವರು ಬಗ್ಗಿ ದೊಡ್ಡ ಮೀನಿನ ಬಾಲ ಹಿಡಿದು ಎತ್ತಿ ನೋಡಿ, "ಭಲೇ ಬ್ಯಾರಿ!" ಎನ್ನುತ್ತಾರೆ. ಮಾತು ಎಂದರೆ ಮಾತು, ನಿನ್ನ ಗುಂಡಿ ನಿನಗೆ ಎನ್ನುತ್ತಾರೆ. ಊಟಕ್ಕೆ ಇರಬೇಕು ಎಂದು ಒತ್ತಾಯಿಸುತ್ತಾರೆ. ಮೂಸಕುಂಞಿ ಬೇಡ ಎಂದು ತಲೆಯಾಡಿಸಿ ಹೊರಡುತ್ತಾರೆ. ಚನಿಯಪ್ಪ ಪೆಟ್ಟಿಗೆ ಹೊತ್ತು ಬರುವವನು ನಮ್ಮ ಬುಟ್ಟಿಯಿಂದ ಉಳಿದ ಉಂಡೆಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾನೆ.

"ಉಪ್ಪು ಕಮ್ಮಿ," ಎನ್ನುತ್ತಾನೆ. ಅಷ್ಟು ಹೊತ್ತಿನ ಮೇಲೆ ಮೂಸಕುಂಞಿಯವರ ಮುಖದಲ್ಲಿ ಸ್ವಲ್ಪ ನಗು.

ನಾವು ಅರ್ಧ ದಾರಿ ಬಂದಿದ್ದೇವಷ್ಟೆ. ಢಮ್!

ಕಾಲ ಕೆಳಗಿನ ನೆಲ ಅದುರುತ್ತದೆ. ಮೂಸಕುಂಞಿ ಬುಟ್ಟಿ ಬಿಟ್ಟು ಗುಂಡಿಯ ಕಡೆ ಓಡುತ್ತಾರೆ. ನನ್ನ ಒಂದು ಚಪ್ಪಲಿ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಬಂಡೆ ಹತ್ತಿ ನೋಡುತ್ತೇವೆ. ನೀರು ನುಣ್ಣಗಿದೆ. ಏನೂ ತೇಲುತ್ತಿಲ್ಲ. ಗುಡ್ಡದ ಆಚೆ ರಸ್ತೆಗೆ ಕಲ್ಲು ಒಡೆಯುತ್ತಿದ್ದಾರೆ, ಧೂಳು ಏಳುವುದು ಕಾಣುತ್ತದೆ. ಮೂಸಕುಂಞಿ ಕಲ್ಲಿನ ಮೇಲೆ ಕುಕ್ಕರಿಸುತ್ತಾರೆ. ನಾನೂ ಪಕ್ಕದಲ್ಲಿ ಕೂರುತ್ತೇನೆ.

"ನಾಳೆಯೂ ಇದೇ ಎರೆಯಾ?" ಎಂದು ಕೇಳುತ್ತೇನೆ, ಏನಾದರೂ ಮಾತಾಡಬೇಕಲ್ಲ ಎಂದು.

"ಇಲ್ಲ. ಮಳೆ ಬಂದು ಹೊಳೆ ಕೆಂಪಾಗುವ ತನಕ ಈ ಗುಂಡಿಗೆ ಗಾಳ ಇಲ್ಲ. ಬಸುರಿಯನ್ನು ತೆಗೆದವ ನಾನು. ಅಷ್ಟಾದರೂ ಬಿಡಬೇಡವಾ?"

"ಹೊಟ್ಟೆಗೆ?"

"ಸೇತುವೆಯ ರಸ್ತೆಗೆ ಕಲ್ಲು ಹೊರುವ ಕೆಲಸ ಉಂಟಲ್ಲ. ಕೇಳ್ತೇನೆ." ಅತ್ತಿಯ ಬೊಡ್ಡೆಯ ಬುಡದಲ್ಲಿ ಬೆರಳು ಗಾತ್ರದ ಚಿಗುರೊಂದು ಎದ್ದಿದೆ. ಅದರ ಸುತ್ತ ಮುಳ್ಳು ಕಟ್ಟಿದ್ದಾರೆ, ಆಡು ತಿನ್ನದ ಹಾಗೆ. ಅದನ್ನು ಮುಟ್ಟಿ ನೋಡಿ, ಕೈ ಹಿಂದೆ ತೆಗೆಯುತ್ತಾರೆ.

ಹೊರಡುವಾಗ ನಾನು ಹೇಳಿದೆ, ನಿಮ್ಮ ಸುದ್ದಿ ಪೇಪರಿನಲ್ಲಿ ಬರುತ್ತದೆ, ಮಂಗಳೂರಿನವರೂ ಓದುತ್ತಾರೆ ಎಂದು. ಅವರು ಮೊದಲು ಕುಂಞಿಪಾತುಮ್ಮನ ಹೆಸರೂ ತ್ರೇಸ್ಯಾಕುಟ್ಟಿಯವರ ಹೆಸರೂ ಇರಬೇಕು ಎಂದರು. ಎರೆ ಮಾಡುವ ಕ್ರಮವನ್ನೂ ಬರೆಯಬಹುದು, ಆದರೆ ಗೆಣಸು ಬೇಯಿಸಬೇಕು, ನೀರು ಚೆಲ್ಲಬೇಕು ಎಂದು ದೊಡ್ಡ ಅಕ್ಷರದಲ್ಲಿ ಹಾಕಬೇಕು ಎಂದರು. ಹಾಕಿದ್ದೇನೆ: ಗೆಣಸು ಬೇಯಿಸಬೇಕು, ನೀರು ಚೆಲ್ಲಬೇಕು. ಅಕ್ಷರ ದೊಡ್ಡದು ಮಾಡುವುದು ಸಂಪಾದಕರ ಕೈಯಲ್ಲಿದೆ.

ಆಮೇಲೆ ಸ್ವಲ್ಪ ದೂರ ನನ್ನ ಜೊತೆ ಬಂದು, ನಿಂತು, ಹಿಂದೆ ತಿರುಗಿ ನೀರು ನೋಡಿದರು.

"ನನ್ನ ಹೆಸರು ಬೇಕಾದ ಹಾಗೆ ಹಾಕಿ ಭಟ್ರೇ. ಫೋಟೋ ಬೇಕಾದ್ರೂ ಹಾಕಿ. ಗುಂಡಿಯ ಹೆಸರು ಒಂದು ಹಾಕಬೇಡಿ."